ಸ್ಕ್ರೂ ಇಲ್ಲದ ಪೆಟ್ಟಿಗೆ

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ವಾಸಪ್ಪಣ್ಣನ ರಿಪೇರಿ ಅಂಗಡಿಯಿದೆ. ಅದಕ್ಕೆ ಒತ್ತಿಕೊಂಡೇ ನನ್ನ ಜೆರಾಕ್ಸ್ ಅಂಗಡಿ. ನಡುವೆ ಒಂದು ಹಲಗೆಯ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಹದಿನೆಂಟು ವರ್ಷದಿಂದ ಆ ಕಿಂಡಿಯಲ್ಲಿ ತಲೆ ತೂರಿಸಿ ಅವನು ನನ್ನನ್ನು ಏನಾದರೂ ಕೇಳುತ್ತಿರುತ್ತಾನೆ. ಜೆರಾಕ್ಸ್ ಹಾಳೆ ಹೊರಗೆ ಬರುವಾಗ ಬಿಸಿ ಇರುವುದು ಎಂತಕ್ಕೆ? ಗಿರಾಕಿಗಳು ಆಧಾರ್ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ ಆಮೇಲೆ ಮಡಚಲು ನೋಡುವುದು ಎಂತಕ್ಕೆ? ನಾನು ಮೇಳಿಗೆ ಕಡೆಯ ಗೌಡರ ಮನೆಯವನು, ನನಗೆ ತಾಳ್ಮೆ ಕಮ್ಮಿ. ಗೊತ್ತಿಲ್ಲ ಮಾರಾಯ ಎಂದು ಕಿಂಡಿಗೆ ಕ್ಯಾಲೆಂಡರ್ ನೇತುಹಾಕುತ್ತೇನೆ. ಅವನು ಕ್ಯಾಲೆಂಡರ್ ಎತ್ತಿ ಮತ್ತೆ ಕೇಳುತ್ತಾನೆ.

ಅವನ ಅಂಗಡಿಯಲ್ಲಿ ಒಂದು ಕಾಯಿದೆಯಿದೆ. ರಿಪೇರಿಯಾದ ಸಾಮಾನಿಗೆ ಮುಚ್ಚಳ ಹಾಕುವ ಮೊದಲು ಅದರ ಯಜಮಾನರು ಬಗ್ಗಿ ಒಳಗೆ ನೋಡಬೇಕು. ಮಿಕ್ಸಿಯೋ ಟಾರ್ಚೋ ಗೋಡೆ ಗಡಿಯಾರವೋ, ಯಾವುದಾದರೂ ಸರಿ. "ನೋಡ್ಕಳಿ, ಇದು ನಿಮ್ದು" ಎಂದು ಲೈಟು ಹಿಡಿದು ತೋರಿಸುತ್ತಾನೆ. ಬಸ್ಸು ಹೋಗುತ್ತದೆ ಎಂದು ಗೋಗರೆದರೂ ಬಿಡುವುದಿಲ್ಲ. ಆಮೇಲೆ ಮುಚ್ಚಳದ ಒಳಮೈಗೆ ಸೂಜಿಯಿಂದ ಆ ದಿನದ ತಾರೀಖನ್ನೂ ಪಕ್ಕದಲ್ಲಿ ಒಂದು 'ವಾ' ಅಕ್ಷರವನ್ನೂ ಕೆರೆಯುತ್ತಾನೆ. ನಮ್ಮ ಮನೆಯ ಮಿಕ್ಸಿಯೊಳಗೆ ಅಂಥ ನಾಲ್ಕು ತಾರೀಖುಗಳಿವೆ. ನನ್ನ ಮದುವೆಯ ತಾರೀಖು ಮರೆತರೂ ಅವು ನನಗೆ ನೆನಪಿವೆ.

ಈ ಬುದ್ಧಿ ಅವನಿಗೆ ಎಲ್ಲಿಂದ ಬಂತು ಎಂದು ಒಮ್ಮೆ ನಾನೇ ಕೇಳಿದ್ದೆ. ಅವನು ಹುಟ್ಟಿದ ದೀವರ ಕೇರಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿಗೆ ಹೋಯಿತು. ಆಗ ಅವನಿಗೆ ಆರು ವರ್ಷ.

"ನೀರು ಯಾಕೆ ಬತ್ತದೆ ಅಂತ ಅಪ್ಪನ್ನ ಕೇಳ್ದೆ. ಕರೆಂಟಿಗೆ ಅಂದ. ಕರೆಂಟು ಅಂದ್ರೆ ಎಂತ ಅಂತ ಕೇಳ್ದೆ. ಅಪ್ಪಂಗೆ ಗೊತ್ತಿರ್ಲಿಲ್ಲ, ಒಂದೇಟು ಹಾಕ್ದ. ನಮ್ಮನೇಗೆ ಕರೆಂಟು ಬಂದಾಗ ನಂಗೆ ಇಪ್ಪತ್ತೆಂಟು ವರ್ಷ ಗೌಡ್ರೆ. ಅಲ್ಲೀವರೆಗೂ ಅದು ಎಂತ ಅಂತ ನೋಡ್ಬೇಕು ಅಂತ ಒಂದೇ ಹಟ."

ಆ ಹಟದಲ್ಲೇ ಶಿವಮೊಗ್ಗಕ್ಕೆ ಹೋಗಿ ರೇಡಿಯೋ ರಿಪೇರಿ ಕಲಿತು ಬಂದ. ಮುಳುಗಿದ ಊರಿನ ಬಗ್ಗೆ ಅವನು ಇಷ್ಟೇ ಹೇಳುವುದು. ಉಳಿದದ್ದನ್ನು ಕೇಳಲು ಹೋದರೆ ನಿಮ್ಮ ಕೈಗಡಿಯಾರ ಬಿಚ್ಚಿಸಿಕೊಂಡು ನೋಡಲು ಕೂರುತ್ತಾನೆ.

ಕಳೆದ ಜುಲೈಯ ಒಂದು ಗುರುವಾರ ಅವನ ಅಂಗಡಿಗೆ ಆಶಾ ಬಂದಳು. ನಮ್ಮ ರಸ್ತೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಹವ್ಯಕರ ಹುಡುಗಿ. ಜೊತೆಗೆ ಐದನೇ ಕ್ಲಾಸಿನ ಮಗಳು ಮೇಧಾ. ಮೇಧಾಗೆ ಕಿವಿ ಚುರುಕು, ತಲೆ ಅದಕ್ಕಿಂತ ಚುರುಕು, ಆದರೆ ಹುಟ್ಟಿನಿಂದ ಬಾಯಲ್ಲಿ ಮಾತಿಲ್ಲ. ಅವಳ ಮಾತೆಲ್ಲ ಇದ್ದದ್ದು ಎದೆಗವಚಿಕೊಂಡಿದ್ದ ಒಂದು ಟ್ಯಾಬಿನಲ್ಲಿ.

ಟ್ಯಾಬ್ ಯಾವ ಕಂಪನಿಯದು ಎಂದು ನಾನು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ನಮ್ಮೂರಲ್ಲಿ ಯಾರ ಕೈಯಲ್ಲಿ ಯಾವ ಟ್ಯಾಬ್ ಕಂಡರೂ ಜನ ಆ ಒಂದೇ ಹೆಸರಿನಿಂದ ಕರೆಯುತ್ತಾರೆ. ನನ್ನ ಮಗಳ ಓದಿಗೆಂದು ನಾನೂ ಅದನ್ನೇ ತಂದು ಊರಿಗೆಲ್ಲ ತೋರಿಸಿದವನು. ಅದರ ಚಾರ್ಜರ್ ಹೋದಾಗ ಬೇರೆ ಯಾವುದೂ ಕೂರುವುದಿಲ್ಲವೆಂದು ತಿಳಿಯಿತು, ಅದರ ಪೆನ್ನು ಕಳೆದಾಗ ಬೇರೆ ಪೆನ್ನನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲವೆಂದು ತಿಳಿಯಿತು. ಆದರೂ ತೆಪ್ಪಗಿದ್ದೆ. ದೊಡ್ಡ ಹೆಸರಿನದು ತಂದವರು ದೂರುವುದು ಹೇಗೆ?

ಮೇಧಾಳ ಟ್ಯಾಬಿನ ಕತೆ ಬೇರೆ. ಸಾಗರಕ್ಕೆ ತಿಂಗಳಿಗೆರಡು ಸಲ ಬರುವ, ಮಾತು ಕಲಿಸುವ ಮೇಡಂ ಒಬ್ಬರು ಅದರಲ್ಲಿ ಒಂದು ಆ್ಯಪ್ ಹಾಕಿಸಿದ್ದರು. ಪರದೆಯ ತುಂಬ ಚೌಕಗಳು, ಚೌಕಕ್ಕೊಂದು ಚಿತ್ರ. ಒತ್ತಿದರೆ ಮಾತು. ಆ್ಯಪಿಗೆ ಕನ್ನಡದ ದನಿ ಇರಲಿಲ್ಲ. ಆಶಾ ನಾಲ್ಕು ವರ್ಷ ಕೂತು ಒಂದೊಂದೇ ಚೌಕಕ್ಕೆ ತನ್ನ ದನಿ ತುಂಬಿದ್ದಳು. ನೀರು ಬೇಕು, ಸಾಕು, ಅಮ್ಮಮ್ಮ ಎಲ್ಲಿದ್ದು, ಎಂಗೆ ಇದು ಇಷ್ಟ ಇಲ್ಲೆ. ಹೀಗೆ ನಾನೂರ ಹನ್ನೆರಡು ಮಾತು, ಎಲ್ಲ ಹವ್ಯಕರ ಮನೆಮಾತಿನಲ್ಲೇ.

ಒಂದು ದಿನ ಶಾಲೆಯಿಂದ ಬರುವಾಗ ಬ್ಯಾಗಿನೊಳಗೆ ನೀರು ಹೊಕ್ಕಿತು. ಮಳೆಗಾಲದಲ್ಲಿ ನಮ್ಮ ಕಡೆ ಒದ್ದೆಯಾದದ್ದೆಲ್ಲ ಹೋಗುವುದು ಬಚ್ಚಲೊಲೆಯ ಮೇಲಿನ ತಡಿಕೆಗೆ. ಯೂನಿಫಾರ್ಮು, ನೋಟ್‌ಬುಕ್ಕು, ಕೊಡೆ, ಬೆಂಕಿಪೊಟ್ಟಣ, ಎಲ್ಲವೂ. ಮೇಧಾಳ ಅಜ್ಜಿ ಅನ್ನಪೂರ್ಣೇಶ್ವರಿಯಮ್ಮ ಟ್ಯಾಬನ್ನೂ ಎರಡು ಲಂಗದ ನಡುವೆ ಬೆಚ್ಚಗೆ ಅಲ್ಲೇ ಮಲಗಿಸಿದರು. ಬೆಳಿಗ್ಗೆ ತೆಗೆದಾಗ ಬೆನ್ನು ಪೂರಿಯ ಹಾಗೆ ಉಬ್ಬಿತ್ತು. ಪಾಪ, ಅಜ್ಜಿ ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲವಂತೆ.

ಆಶಾ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಹೋಗಿಬಂದಿದ್ದಳು. "ಇದನ್ನ ಬಿಚ್ಚೋ ಹಾಗಿಲ್ಲ, ಹೊಸದು ತಗೊಳ್ಳಿ ಅಂದ್ರು ವಾಸಪ್ಪಣ್ಣ. ಒಳಗಿರೋ ಮಾತು ಏನಾಗತ್ತೆ ಅಂತ ಕೇಳ್ದೆ. ಅದಕ್ಕೆ ನಾವು ಜವಾಬ್ದಾರರಲ್ಲ ಅಂದ್ರು. ಕಾಪಿ ಎಲ್ಲಾ ತಾನಾಗೇ ಇಂಟರ್‌ನೆಟ್ಟಿಗೆ ಹೋಗಿರತ್ತೆ ಅಂದ್ಕೊಂಡಿದ್ದೆ, ನಮ್ಮನೇಲಿ ನೆಟ್‌ವರ್ಕ್ ಎಲ್ಲಿ ಬರತ್ತೆ? ಏನೂ ಹೋಗಿಲ್ಲ."

"ಬೇರೆ ಕಂಪನಿ ಟ್ಯಾಬಲ್ಲಿ ಆಗಲ್ವಾ?" ಎಂದು ನಾನು ಕಿಂಡಿಯಿಂದ ಕೇಳಿದೆ.

"ಈ ಆ್ಯಪ್ ಇದಕ್ಕೆ ಮಾತ್ರ ಮಾಡಿದ್ದಂತೆ ಪೂರ್ಣೇಶಣ್ಣ. ಎಲ್ಲರ ಹತ್ರ ಇರೋದು ಇದೇ ಅಲ್ವಾ, ಅದಕ್ಕೇ ಬೇರೇದಕ್ಕೆ ಮಾಡಲ್ಲ ಅಂತ ಮೇಡಂ ಹೇಳಿದ್ರು. ಬೇರೇದಕ್ಕೆ ಇಲ್ಲ ಅಂತ್ಲೇ ನಾವೂ ಇದನ್ನ ತಗೊಂಡಿದ್ದು."

ನನಗೆ ರೇಗಿತು. ಜನ ಕೊಳ್ಳುತ್ತಾರೆಂದು ಅದಕ್ಕೇ ಮಾಡುವುದು, ಅದಕ್ಕೇ ಮಾಡುತ್ತಾರೆಂದು ಜನ ಕೊಳ್ಳುವುದು. ಗಾಣದೆತ್ತು ಸುತ್ತಿದ ಹಾಗೆ ಎಲ್ಲರೂ ಸುತ್ತುತ್ತಿದ್ದೇವೆ, ನಾನೂ ಸೇರಿ. ನಾನು ಕಂಪನಿಯನ್ನು ಬೈಯುತ್ತ ಹೋದೆ. ವಾಸಪ್ಪಣ್ಣನಿಗೆ ಅದು ಕೇಳಿಸಲೇ ಇಲ್ಲ. ಅವನು ಟ್ಯಾಬನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಒಂದೂ ಸ್ಕ್ರೂ ಇಲ್ಲ ಗೌಡ್ರೆ" ಎಂದ. ಸಿಟ್ಟಿರಲಿಲ್ಲ, ಮಕ್ಕಳು ಹೊಸ ಹುಳ ಕಂಡಾಗ ಮಾತಾಡುವ ದನಿ. "ಹಾಳಾಗೋದಿಲ್ಲ ಅಂತ ಮುಚ್ಚಿದ್ದೋ, ಹಾಳಾದ್ರೆ ಯಾರೂ ನೋಡ್ಬಾರ್ದು ಅಂತ ಮುಚ್ಚಿದ್ದೋ? ಮಾಡಿದವ್ರು ಒಳಗಿಂದ ಹೊರಗೆ ಹೆಂಗೆ ಬಂದ್ರು?"

ಉಬ್ಬಿದ ಬ್ಯಾಟರಿ ಮಗುವಿನ ಕೈಯಲ್ಲಿರುವುದು ಸರಿಯಲ್ಲವೆಂದು ಅವನಿಗೆ ಗೊತ್ತಿತ್ತು. ಟ್ಯಾಬನ್ನು ಒಯ್ದು ಹಿತ್ತಲಲ್ಲಿ ಮರಳು ತುಂಬಿದ ಬಕೆಟ್ಟಿನ ಪಕ್ಕ ಇಟ್ಟ. ಮೇಧಾ ಅಳಲು ಶುರು ಮಾಡಿದಳು. ದನಿಯಿಲ್ಲದ ಅಳು ನೋಡುವುದು ಕಷ್ಟ, ನಾನು ಮುಖ ತಿರುಗಿಸಿದೆ. ವಾಸಪ್ಪಣ್ಣ ಟಿ.ವಿ. ಬಂದಿದ್ದ ರಟ್ಟಿನಿಂದ ಟ್ಯಾಬಿನಷ್ಟೇ ಅಗಲ ಉದ್ದದ ತುಂಡು ಕತ್ತರಿಸಿ ಅವಳ ಕೈಗೆ ಕೊಟ್ಟ.

"ಇದನ್ನ ಇಟ್ಕ ಮಗಾ. ನಿಂದು ಕೊಡೋವರೆಗೂ ಇದು ಅಡವು."

ಅಲ್ಲಿಂದ ದಿನಾ ಶಾಲೆ ಬಿಟ್ಟಮೇಲೆ ಮೇಧಾ ಅವನ ಅಂಗಡಿಯ ಬೆಂಚಿನ ಮೇಲೆ ಹಾಜರು. ಮೂರನೇ ದಿನ ವಾಸಪ್ಪಣ್ಣ ಕಿಂಡಿಯಲ್ಲಿ ತಲೆ ತೂರಿಸಿ ಪಿಸುಗುಟ್ಟಿದ. "ಗೌಡ್ರೆ, ಬನ್ನಿ ಇಲ್ಲಿ. ಈ ಹುಡುಗಿ ಬೆರಳು ನೋಡಿ."

ಮೇಧಾ ಖಾಲಿ ರಟ್ಟಿನ ಮೇಲೆ ಒಂದು ಕಡೆ ಬೆರಳಿಟ್ಟು ಅವನ ಮುಖ ನೋಡುತ್ತಿದ್ದಳು. ಅವನು ಅಲ್ಲೊಂದು ಚುಕ್ಕಿ ಇಟ್ಟ. ಅವಳ ಕಣ್ಣು ಚಂಬಿನತ್ತ ಹೋದದ್ದು ನೋಡಿ ನೀರು ಕೊಟ್ಟ. ಕುಡಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆರಳಿಟ್ಟಳು. ಚುಕ್ಕಿಯ ಮೇಲೇ ಬಿತ್ತು. ಆಶಾಳನ್ನು ಕರೆಸಿದೆವು. ಅವಳು ರಟ್ಟು ನೋಡಿ ಕಣ್ಣೊರೆಸಿಕೊಂಡಳು.

"ಮೂರನೇ ಸಾಲಿನ ಮೊದಲನೇದು. ನೀರು ಇದ್ದಿದ್ದು ಅಲ್ಲೇ."

"ಮತ್ತೆಂತಕ್ಕೆ ಅಳೋದು ಅಮ್ಮಾ?" ಎಂದ ವಾಸಪ್ಪಣ್ಣ. "ಮಾತು ಆ ಡಬ್ಬೀಲಿ ಇಲ್ಲ. ಇವಳ ಬೆರಳಲ್ಲಿ ಅದೆ. ಬರ್ಕಳೋದಷ್ಟೆ."

ಬರೆದುಕೊಳ್ಳಲು ಐದು ಸಂಜೆ ಹಿಡಿಯಿತು. ನಾನು ದೊಡ್ಡ ಹಾಳೆಯಲ್ಲಿ ಚೌಕ ಹಾಕಿ ಪ್ರಿಂಟ್ ತೆಗೆದೆ, ಪುಟಕ್ಕೆ ಅರವತ್ತು. ಮೇಧಾ ಬೆರಳಿಡುವುದು, ಆಶಾ ಮಾತು ಹೇಳುವುದು, ನಾನು ಬರೆಯುವುದು. ಕೆಲವು ಮಾತು ಆಶಾಳಿಗೇ ಮರೆತಿತ್ತು, ಮಗಳು ಅಭಿನಯ ಮಾಡಿ ತೋರಿಸಿದಳು. ಏಳು ಹಾಳೆಯಾಯಿತು. ಜೆರಾಕ್ಸ್ ಮಾಡಿ, ಲ್ಯಾಮಿನೇಟ್ ಮಾಡಿ, ಮೂಲೆಗೆ ತೂತು ಹೊಡೆದು ದಾರ ಕಟ್ಟಿದೆ. ಹದಿನೆಂಟು ವರ್ಷ ಜನರ ಜಾತಿ ಸರ್ಟಿಫಿಕೇಟು, ಪಹಣಿ ನಕಲು ಮಾಡಿದ ಮೆಷಿನ್ನು ಅದು. ಆ ವಾರ ಅದರ ಮೇಲೆ ನನಗೆ ಒಂದು ನಮೂನೆ ಪ್ರೀತಿ ಹುಟ್ಟಿತು.

ಒಂದು ಚೌಕ ಮಾತ್ರ ಬಗೆಹರಿಯಲಿಲ್ಲ. ಮೊದಲ ಹಾಳೆಯ ಕೆಳಗಿನ ಬಲಮೂಲೆ. ಮೇಧಾ ಗಳಿಗೆಗೊಮ್ಮೆ ಅಲ್ಲಿಗೆ ಬೆರಳು ಒಯ್ಯುತ್ತಿದ್ದಳು. ಒತ್ತಬೇಡವೆಂದು ಆಶಾ ಗದರುತ್ತಿದ್ದಳು.

"ಕೂಸೇ, ಅದನ್ನ ಒತ್ತಡ. ಅಲ್ಲಿ ಎಂತದೂ ಇಲ್ಲೆ." ಆಮೇಲೆ ನಮಗೆ ವಿವರಿಸಿದಳು. "ಅಲ್ಲಿ ಕಂಪನಿಯವರ ಅಂಗಡಿ ಗುಂಡಿ ಇತ್ತು. ತೆಗೆಯೋಕೂ ಆಗಲ್ಲ, ಬೇರೆ ಕಡೆ ಇಡೋಕೂ ಆಗಲ್ಲ. ಒತ್ತಿದ್ರೆ ಇವಳ ಚೌಕ ಎಲ್ಲ ಮಾಯ ಆಗಿ ಅದು ತಗೊಳ್ಳಿ ಇದು ತಗೊಳ್ಳಿ ಅಂತ ಬರೋದು. ನಾಲ್ಕು ವರ್ಷದಿಂದ ಇದೊಂದು ಕೆಟ್ಟ ಚಾಳಿ ಬಿಡಿಸೋಕೆ ಆಗ್ಲಿಲ್ಲ."

ಆ ಚೌಕವನ್ನು ಖಾಲಿ ಬಿಟ್ಟೆವು.

ಅತ್ತ ವಾಸಪ್ಪಣ್ಣನ ತಲೆಯಲ್ಲಿ ಸ್ಕ್ರೂ ಇಲ್ಲದ ಪೆಟ್ಟಿಗೆಯೇ ಕೊರೆಯುತ್ತಿತ್ತು. ಬೆನ್ನಿನ ಒಂದು ಅಂಚು, ಬಚ್ಚಲೊಲೆಯ ಕಡೆಗಿದ್ದ ಅಂಚು, ಕೂದಲೆಳೆಯಷ್ಟು ಎದ್ದಿತ್ತು. ಉಳಿದ ಮೂರು ಎದ್ದಿರಲಿಲ್ಲ. ಅದನ್ನು ಭೂತಗನ್ನಡಿಯಲ್ಲಿ ನೋಡಿ ಎರಡು ದಿನ ಯೋಚಿಸಿದ.

"ಇದು ಗೋಂದು ಗೌಡ್ರೆ. ಬರೀ ಗೋಂದು. ಬಿಸಿಗೆ ಮೆತ್ತಗಾಗ್ತದೆ. ಒಲೆ ಇದನ್ನ ಕೆಡ್ಸಿದ್ದು ಹೌದು, ಆದ್ರೆ ಬಾಗಿಲು ಎಲ್ಲಿ ಅಂತ ತೋರ್ಸಿದ್ದೂ ಆ ಅಜ್ಜೀನೇ."

"ಬಿಸಿ ಮಾಡಿದ್ರೆ ಬ್ಯಾಟರಿ ಹೊಡೆಯೋದಿಲ್ವಾ?"

"ಬೆಂಕಿ ಬಿಸಿಗೆ ಹೊಡೀತದೆ. ಕೈ ತಾಳೋ ಬಿಸಿ ಸಾಕು."

ಹತ್ತನೇ ದಿನ, ಶನಿವಾರ ಮಧ್ಯಾಹ್ನ, ಅವನು ಕಲ್ಲುಪ್ಪು ತರಿಸಿದ. ಸೊಂಟ ಹಿಡಿದವರಿಗೆ ಶಾಖ ಕೊಡಲು ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಾರಲ್ಲ, ಅದೇ ಗಂಟು. ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡ, ಆಮೇಲೆ ಟ್ಯಾಬಿನ ಅಂಚಿಗೆ. ಮರಳಿನ ಬಕೆಟ್ಟು ಕಾಲ ಬಳಿ. ಆಶಾ ಮತ್ತು ಮೇಧಾ ಬಾಗಿಲ ಆಚೆ ನಿಂತಿರಬೇಕೆಂದು ಆಜ್ಞೆ. ನಾನು ಧೈರ್ಯಸ್ಥ, ಕಿಂಡಿಯ ಈಚೆ ನಿಂತಿದ್ದೆ. ಗಂಟು ಆರಿದ ಹಾಗೆ ಬದಲಿಸುತ್ತ, ಎದ್ದ ಅಂಚಿಗೆ ಹಳೇ ಎಕ್ಸ್‌ರೇ ಹಾಳೆಯ ತುಂಡು ತೂರಿಸುತ್ತ, ಒಂದೂವರೆ ತಾಸಿನಲ್ಲಿ ಆಸಾಮಿ ನಾಲ್ಕೂ ಕಡೆ ಬಿಡಿಸಿದ. ಉಬ್ಬಿದ ಬ್ಯಾಟರಿಯನ್ನು ಎತ್ತಿ ಮರಳಲ್ಲಿ ಹೂತ ಮೇಲೇ ಅವನು ಸರಿಯಾಗಿ ಉಸಿರು ಬಿಟ್ಟದ್ದು.

ಆಮೇಲೆ ತನ್ನ ಕಾಯಿದೆಯಂತೆ ಕರೆದ. "ಬಾ ಮಗಾ, ನೋಡ್ಕ. ಇದು ನಿಂದು."

ಮೇಧಾ ಬಗ್ಗಿದಳು. ಅಷ್ಟು ದೊಡ್ಡ ಸಾಮಾನಿನೊಳಗೆ ಹೆಚ್ಚೇನೂ ಇರಲಿಲ್ಲ, ಒಂದು ಬೆರಳಗಲದ ಹಸಿರು ಪಟ್ಟಿ, ಬ್ಯಾಟರಿಯಿದ್ದ ಖಾಲಿ ತಗ್ಗು. ತುಂಬ ಹೊತ್ತು ನೋಡಿದಳು. ಕುತ್ತಿಗೆಗೆ ನೇತುಹಾಕಿದ್ದ ಹಾಳೆಗಳ ಮೊದಲನೆಯದನ್ನು ತಿರುಗಿಸಿ, ಬಲಮೂಲೆಯ ಖಾಲಿ ಚೌಕಕ್ಕೆ ಬೆರಳೊತ್ತಿ, ವಾಸಪ್ಪಣ್ಣನ ಮುಖ ನೋಡಿದಳು.

"ಕೂಸೇ" ಎಂದು ಆಶಾ ಶುರು ಮಾಡಿದಳು. ವಾಸಪ್ಪಣ್ಣ ಕೈಯೆತ್ತಿ ತಡೆದ.

"ತಡೀರಿ ಅಮ್ಮಾ. ನಾನು ಹತ್ತು ದಿನದಿಂದ ನೋಡ್ತಿದೀನಿ. ಉಪ್ಪು ಹುರೀವಾಗ್ಲೂ ಅಲ್ಲೇ ಒತ್ತಿದ್ಲು. ಮೊನ್ನೆ ಸೋಲ್ಡರ್ ಹಾಕ್ವಾಗ್ಲೂ ಅಲ್ಲೇ. ಗೌಡ್ರು ಕಂಪನೀನ ಬೈವಾಗ್ಲೂ ಅಲ್ಲೇ. ಟ್ಯಾಬ್ ಸರಿ ಇದ್ದಾಗ ಇವಳು ಆ ಗುಂಡಿ ಒತ್ತಿದ್ರೆ ಎಂತ ಆಗ್ತಿತ್ತು?"

"ಹೇಳಿದ್ನಲ್ಲ. ಅಂಗಡಿ ತೆರೀತಿತ್ತು."

"ಆಮೇಲೆ?"

"ನಾನು ಓಡಿ ಬಂದು ಮುಚ್ತಿದ್ದೆ."

"ಬಂದು ಎಂತ ಹೇಳ್ತಿದ್ರಿ? ಮನೇಲಿ ಹೇಳೋ ಹಾಗೇ ಹೇಳಿ."

ಆಶಾ ಮಗಳ ಬೆರಳಿದ್ದ ಚೌಕ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು. "ಎಂತಕ್ಕೆ? ಎಂತಕ್ಕೆ ಒತ್ತಿದ್ದು? ಹೀಗೆ ಕೇಳ್ತಿದ್ದೆ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆ ಮಗುವಿಗೆ ಪ್ರತಿ ಚೌಕವೂ ಅಮ್ಮನ ದನಿಯಲ್ಲಿ ಒಂದು ಮಾತಾಡುತ್ತಿತ್ತು. ಮೂಲೆಯ ಗುಂಡಿ ಒತ್ತಿದರೂ ಅಮ್ಮನ ದನಿಯಲ್ಲಿ ಒಂದು ಮಾತು ಬರುತ್ತಿತ್ತು, ಟ್ಯಾಬಿನೊಳಗಿಂದಲ್ಲ, ಅಡುಗೆಮನೆಯಿಂದ. ಅವಳ ಪಾಲಿಗೆ ಅದೂ ಒಂದು ಮಾತಿನ ಗುಂಡಿ. ನಾನೂರ ಹನ್ನೆರಡು ಮಾತಿನಲ್ಲಿ ಬೇಕು ಇತ್ತು, ಬೇಡ ಇತ್ತು, ಎಲ್ಲಿ ಎನ್ನುವುದೂ ಇತ್ತು. ಎಂತಕ್ಕೆ ಎಂಬುದನ್ನು ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದನ್ನು ಅವಳೇ ಹುಡುಕಿಕೊಂಡಿದ್ದಳು, ಕಂಪನಿಯವರು ತಮ್ಮ ವ್ಯಾಪಾರಕ್ಕೆ ಹಿಡಿದಿಟ್ಟುಕೊಂಡ ಜಾಗದಲ್ಲಿ. ನಾಲ್ಕು ವರ್ಷ ಅವಳು ಪ್ರಶ್ನೆ ಕೇಳಿದ್ದಾಳೆ, ನಾಲ್ಕು ವರ್ಷ ಬೈಸಿಕೊಂಡಿದ್ದಾಳೆ.

ಆಶಾ ಮಗಳನ್ನು ತಬ್ಬಿಕೊಂಡು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಯಾಕೆ ಹೇಳಲಿ. ವಾಸಪ್ಪಣ್ಣ ಮಾರ್ಕರ್ ಪೆನ್ನು ತಂದು ಆ ಖಾಲಿ ಚೌಕದಲ್ಲಿ ದೊಡ್ಡದಾಗಿ 'ಎಂತಕ್ಕೆ' ಎಂದು ಬರೆದ. ಮೇಧಾ ಅದರ ಮೇಲೆ ಬೆರಳಿಟ್ಟು ನಕ್ಕಳು. ಆಮೇಲೆ ಹಸಿರು ಪಟ್ಟಿ ತೋರಿಸಿದಳು, ಎಂತಕ್ಕೆ. ಖಾಲಿ ತಗ್ಗು ತೋರಿಸಿದಳು, ಎಂತಕ್ಕೆ. ಬಕೆಟ್ಟು ತೋರಿಸಿದಳು, ಎಂತಕ್ಕೆ. ವಾಸಪ್ಪಣ್ಣ ಒಂದೊಂದಕ್ಕೂ ಕೂತು ಉತ್ತರ ಹೇಳಿದ. ಆ ದಿನ ಅವನ ಅಂಗಡಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ.

ಬ್ಯಾಟರಿ ಸಿಗಲು ಮತ್ತೆ ಎರಡು ವಾರ ಹಿಡಿಯಿತು. ಬಿಡಿಭಾಗ ಮಾರುವವನೊಬ್ಬನಿಂದ ತರಿಸಿ ಕೂರಿಸಿದಾಗ, ಇದು ನಮ್ಮ ಬ್ಯಾಟರಿಯಲ್ಲ ಎಂದು ಟ್ಯಾಬು ಇಂಗ್ಲಿಷಿನಲ್ಲಿ ಮುಖ ಸಿಂಡರಿಸಿತು. ಸಿಂಡರಿಸಿಕೊಂಡೇ ಹತ್ತಿತು. ಚೌಕಗಳೆಲ್ಲ ಇದ್ದವು. ಮೇಧಾ ಮೊದಲ ಸಾಲು ಒತ್ತಿದಳು, ಆಶಾಳ ದನಿ ಬಂತು. ಅನ್ನಪೂರ್ಣೇಶ್ವರಿಯಮ್ಮ ಅಂದೇ ಒಂದು ಡಬ್ಬಿ ಚಕ್ಕುಲಿ ಕಳಿಸಿದರು, ಅರ್ಧ ನನ್ನ ಪಾಲಿಗೆ ಬಂತು. ಬೆನ್ನು ಮುಚ್ಚುವ ಮೊದಲು ಒಳಗೆ ತಾರೀಖು ಕೆರೆದು, 'ವಾ' ಪಕ್ಕದಲ್ಲಿ ವಾಸಪ್ಪಣ್ಣ ಒಂದು 'ಮೇ' ಕೂಡ ಕೆರೆದ.

ಆಶಾ ಅಲ್ಲೇ ಕೂತು ಟ್ಯಾಬಿನ ಒಂದು ಖಾಲಿ ಚೌಕಕ್ಕೆ ಎಂತಕ್ಕೆ ಎಂದು ದನಿ ತುಂಬಿದಳು, ಎರಡನೇ ಸಾಲಿನ ಕೊನೆಯಲ್ಲಿ. ಮಗಳಿಗೆ ತೋರಿಸಿದಳು. ಮೇಧಾಳ ಬೆರಳು ಅಲ್ಲಿಗೆ ಹೋಗಲಿಲ್ಲ. ನಾಲ್ಕು ವರ್ಷದ ರೂಢಿ, ಮೂಲೆಗೇ ಹೋಯಿತು. ಚೌಕಗಳೆಲ್ಲ ಮಾಯವಾಗಿ ಕಂಪನಿಯ ಅಂಗಡಿ ತೆರೆಯಿತು. ಯಾವುದೋ ಆಟ, ಯಾವುದೋ ಹೊಸ ಮಾದರಿಯ ಟ್ಯಾಬು, ಬಣ್ಣಬಣ್ಣದ ಅಕ್ಷರ.

ಈ ಸಲ ಆಶಾ ಗದರಲಿಲ್ಲ. ಮೇಧಾ ಕುತ್ತಿಗೆಯಲ್ಲಿದ್ದ ಹಾಳೆ ಎತ್ತಿಕೊಂಡಳು. ಎಡಗೈಯಿಂದ ಟ್ಯಾಬಿನಲ್ಲಿ ಆ ಗುಂಡಿಯಿದ್ದ ಮೂಲೆಯನ್ನು ತೋರಿಸಿದಳು. ಬಲಗೈಯ ಬೆರಳನ್ನು ಹಾಳೆಯ ಮೂಲೆಗೆ ಇಟ್ಟಳು. ವಾಸಪ್ಪಣ್ಣನನ್ನೇ ನೋಡುತ್ತ ಕಾದಳು.

ಅರವತ್ತು ವರ್ಷದಿಂದ ಊರಿನವರನ್ನೆಲ್ಲ ಪ್ರಶ್ನೆ ಕೇಳಿದ ಮನುಷ್ಯ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಟ್ಯಾಬು ನೋಡಿದ. ನನ್ನನ್ನು ನೋಡಿದ. ನಾನು ಕಿಂಡಿಗೆ ಕ್ಯಾಲೆಂಡರ್ ಇಳಿಬಿಡಲಿಲ್ಲ.

"ನಂಗೂ ಗೊತ್ತಾಗ್ಲಿಲ್ಲ ಮಗಾ" ಎಂದ. "ಆ ಗುಂಡಿ ಅಲ್ಲಿಟ್ಟವ್ರನ್ನೇ ಕೇಳ್ಬೇಕು."

ಮೇಧಾ ತಲೆಯಾಡಿಸಿದಳು. ಈಗ ಅವಳು ಶಾಲೆಗೆ ಎರಡನ್ನೂ ಒಯ್ಯುತ್ತಾಳೆ, ಬ್ಯಾಗಿನಲ್ಲಿ ಟ್ಯಾಬು, ಕುತ್ತಿಗೆಯಲ್ಲಿ ಹಾಳೆ. ಮೊದಲ ಹಾಳೆಯ ಬಲಮೂಲೆ ಎರಡೇ ತಿಂಗಳಲ್ಲಿ ಸವೆದುಹೋಯಿತು. ಮೊನ್ನೆ ಮತ್ತೊಂದು ಮಾಡಿಕೊಟ್ಟೆ.